ಕೈಕಾಲಿಗೆ ಅಂತ ಬರೆದ ಡಬ್ಬಿ

ನಮ್ಮತ್ತೆ ನಲವತ್ತೊಂದು ವರ್ಷ ದುಡಿದ ಬೈಂಡಿಂಗ್ ಅಂಗಡಿ ಮುಚ್ಚಿದಾಗ, ಅಂಗಡಿಯ ಯಜಮಾನರು ಎಲ್ಲರನ್ನೂ ಕರೆದು ನಿಮಗೆ ಬೇಕಾದ್ದು ತಗೊಂಡು ಹೋಗಿ ಅಂದರಂತೆ. ಒಬ್ಬರು ಕತ್ತರಿ ತಗೊಂಡರು, ಒಬ್ಬರು ಕಬ್ಬಿಣದ ಸ್ಕೇಲು ತಗೊಂಡರು, ಇನ್ನೊಬ್ಬರು ಗೋಡೆ ಗಡಿಯಾರವನ್ನೇ ಬಿಚ್ಚಿಕೊಂಡರು. ನಮ್ಮತ್ತೆ ಆರಿಸಿಕೊಂಡದ್ದು ಆರು ಕಿಲೋ ಜೇನುಮೇಣ. ಪುಸ್ತಕ ಹೊಲಿಯುವ ದಾರ ಸಿಕ್ಕು ಬೀಳಬಾರದು, ಕಾಗದವನ್ನು ಕೊಯ್ಯಬಾರದು ಅಂತ ಪ್ರತಿ ಎಳೆಯನ್ನೂ ಮೇಣದ ಗಟ್ಟಿಯ ಮೇಲೆ ಎಳೆದುಕೊಂಡೇ ಅವರು ಹೊಲಿಗೆ ಹಾಕುತ್ತಿದ್ದುದು. ಅಂಗಡಿಯಲ್ಲಿ ಉಳಿದಿದ್ದ ಅಷ್ಟೂ ಗಟ್ಟಿಗಳನ್ನು ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದರು.

"ಇದನ್ನ ಏನ್ ಮಾಡ್ತೀಯಮ್ಮಾ?" ಅಂದರು ನಮ್ಮ ಮನೆಯವರು.

"ನೋಡ್ತಾ ಇರು," ಅಂದರು ಅತ್ತೆ.

ನೋಡಿದೆವು. ನೋಡದೆ ಇರೋಕೆ ಅವರು ಬಿಡಲೂ ಇಲ್ಲ. ಮೊದಲ ವಾರ ಅಡುಗೆಮನೆಯ ಡ್ರಾಯರಿಗೆ ಮೇಣ ತಿಕ್ಕಿದರು. ನಾನು ಮದುವೆಯಾಗಿ ಬಂದಾಗಿನಿಂದ ಒದ್ದು ಮುಚ್ಚುತ್ತಿದ್ದ ಡ್ರಾಯರು ಒಂದು ಬೆರಳಿಗೆ ಜಾರಿಕೊಂಡು ಬಂತು. ಎರಡನೇ ವಾರ ಕಿಟಕಿ, ಮಗಳ ಸ್ಕೂಲ್ ಬ್ಯಾಗಿನ ಜಿಪ್ಪು, ತರಕಾರಿ ಹೆಚ್ಚುವ ಮಣೆ, ತುಕ್ಕು ಹಿಡಿಯುವ ಬಾಣಲೆ. ನಮ್ಮ ಮನೆಯವರು ಲಿಫ್ಟ್ ರಿಪೇರಿ ಕೆಲಸದವರು. ಅವರ ಡಬ್ಬಿಯಲ್ಲಿದ್ದ ಅಷ್ಟೂ ಸ್ಕ್ರೂಗಳಿಗೆ ಅತ್ತೆ ಕೂತು ಮೇಣ ಸವರಿದರು. ಹಳೇ ಹತ್ತಿಬಟ್ಟೆಗೆ ಮೇಣ ತುರಿದು ಹಾಕಿ ಇಸ್ತ್ರಿ ಮಾಡಿ, ಬ್ರೆಡ್ಡು ಸುತ್ತಿಡುವ ಬಟ್ಟೆ ತಯಾರಿಸಿದರು. ಬ್ರೆಡ್ಡು ನಾಲ್ಕು ದಿನ ಮೆತ್ತಗೆ ಉಳಿಯಿತು. ಇಸ್ತ್ರಿ ಪೆಟ್ಟಿಗೆ ಮಾತ್ರ ಅವತ್ತಿನಿಂದ ನನ್ನ ಕೆಲಸದ ಯೂನಿಫಾರಂಗೆಲ್ಲ ಜೇನಿನ ವಾಸನೆ ಅಂಟಿಸತೊಡಗಿತು.

"ಅಜ್ಜಿ, ನನ್ನ ಹೋಮ್‌ವರ್ಕಿಗೂ ಸ್ವಲ್ಪ ಹಚ್ಚು. ಬೇಗ ಜಾರಲಿ," ಅಂದಳು ಎಂಟನೇ ಕ್ಲಾಸಿನ ನನ್ನ ಮಗಳು.

"ನಿನ್ನ ನಾಲಿಗೆಗೆ ಹಚ್ಚಬೇಕಾಗಿಲ್ಲ, ಅದು ಆಗಲೇ ಜಾರ್ತಾ ಇದೆ."

ಮಾಡಿದ್ದನ್ನೆಲ್ಲ ಅತ್ತೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ, ಮೇಲೊಂದು ಚೀಟಿ ಅಂಟಿಸಿ ಶೆಲ್ಫಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಜಿಪ್ಪಿಗೆ. ಬಾಣಲೆಗೆ. ಮಣೆಗೆ. ಪ್ರತಿ ಚೀಟಿಯಲ್ಲೂ ಒಂದೇ ಪದ. ಇನ್ನೊಂಚೂರು ವಿವರವಾಗಿ ಬರೆಯಬಾರದಾ ಅಂತ ಮಗಳು ಕೇಳಿದ್ದಕ್ಕೆ, "ಪುಸ್ತಕದ ಬೆನ್ನ ಮೇಲೆ ಎಷ್ಟು ಹಿಡಿಸುತ್ತೋ ಅಷ್ಟೇ ಬರೀಬೇಕು. ಒಳಗಿನ ಕಥೆಯೆಲ್ಲ ಹೇಳೋಕೆ ಚೀಟಿ ಏನು ಮುನ್ನುಡಿನಾ?" ಅಂದರು. ಅದು ಅವರ ಕಸುಬಿನ ಪಾಠ. ಈ ಪಾಠ ನನಗೆ ಎಷ್ಟು ದುಬಾರಿಯಾಯಿತು ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ನಾನು ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಆಗ ಸೇರಿ ಒಂದೂವರೆ ವರ್ಷವಾಗಿತ್ತು. ಮೊದಲು ಪಾತ್ರೆ ತೊಳೆಯುವ ಕಡೆ ಇದ್ದವಳನ್ನು ರೋಗಿಗಳ ತಟ್ಟೆ ಜೋಡಿಸುವ ಮೇಜಿಗೆ ಹಾಕಿದ್ದರು. ಉಪ್ಪಿಲ್ಲದ್ದು ಯಾರಿಗೆ, ಗಂಜಿ ಯಾರಿಗೆ, ಸಕ್ಕರೆ ಯಾರಿಗೆ ಕೂಡದು ಎಲ್ಲ ನನ್ನ ಬಾಯಲ್ಲಿತ್ತು. ಸಂಬಳ ಮನೆಗೆ ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಮೇಜಿನ ಮುಂದೆ ನಿಂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ನೂರಾ ಎಂಬತ್ತು ತಟ್ಟೆಗಳ ಒಡತಿ. ಆ ಹೆಮ್ಮೆ ನನಗೆ ಬೇಕಿತ್ತು.

ಅಲ್ಲಿಯ ಮೇಲ್ವಿಚಾರಕಿ ತಿಂಗಳಿಗೊಮ್ಮೆ ಎಲ್ಲರ ಕೈ ನೋಡುತ್ತಾರೆ. ಸಣ್ಣ ಟಾರ್ಚು ಬಿಟ್ಟು ಬೆರಳ ಸಂದಿ ಸಂದಿಯನ್ನೂ ನೋಡುವುದರಿಂದ ಅವರಿಗೆ ಟಾರ್ಚ್ ಮೇಡಂ ಅಂತ ಹೆಸರು. ಆ ಸಲ ನನ್ನ ಕೈ ಹಿಡಿದವರು ಬಿಡಲಿಲ್ಲ. ಬೆರಳ ಗೆಣ್ಣುಗಳಲ್ಲೆಲ್ಲ ಬಿರುಕು, ಎರಡು ಕಡೆ ರಕ್ತ.

"ಏನ್ರೀ ಇದು?"

"ಚಳಿಗೆ ಮೇಡಂ."

"ಚಳಿಗಲ್ಲ, ಸೋಪಿಗೆ. ಒಡೆದ ಕೈಯಲ್ಲಿ ರೋಗಿಗಳ ಊಟ ಮುಟ್ಟೋ ಹಾಗಿಲ್ಲ, ನಿಮಗೇ ಗೊತ್ತು. ಮೂರು ವಾರ ಉಗ್ರಾಣದಲ್ಲಿ ಒಣ ಸಾಮಾನು ನೋಡ್ಕೊಳ್ಳಿ. ನೀರು ಮುಟ್ಟಬೇಡಿ. ಮೂರು ವಾರಕ್ಕೂ ವಾಸಿ ಆಗಿಲ್ಲ ಅಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ. ನನ್ನ ಕೈಲೇನೂ ಇಲ್ಲ."

ನೀರು ಮುಟ್ಟಬೇಡಿ ಅಂತ ಹೇಳುವುದು ಸುಲಭ. ಮನೆಗೆ ಹೋದರೆ ಪಾತ್ರೆ ಇರುತ್ತದೆ, ಬಟ್ಟೆ ಇರುತ್ತದೆ, ನೆಲ ಇರುತ್ತದೆ. ಹೋಗಲಿ, ಮನೆಯಲ್ಲಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈ ಕೆಲಸಕ್ಕೆ ಹೊರಟಾಗ ಅತ್ತೆಯೂ ಅವರ ಮಗನೂ ಒಟ್ಟಿಗೆ ಮುಖ ಗಂಟಿಕ್ಕಿದ್ದರು. ಮನೆ ಕೆಲಸ ಒಂದೂ ನಿಲ್ಲದ ಹಾಗೆ ನೋಡ್ಕೋತೀನಿ ಅಂತ ಎದೆ ತಟ್ಟಿ ಹೇಳಿ ಬಾಗಿಲು ದಾಟಿದ್ದೆ. ಈಗ ಕೈಯೇ ಕೈಕೊಟ್ಟಿತು ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಕೈ ಕಾಣದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಓಡಾಡಿದೆ. ಊಟಕ್ಕೆ ಕೂತಾಗ ಬಲಗೈ ಬೆರಳುಗಳನ್ನು ತಟ್ಟೆಯ ಅನ್ನದಲ್ಲೇ ಮರೆಸಿದೆ.

ಸರಿಯಾಗಿ ಅದೇ ದಿನ ಹಾಲಿನ ಪಾತ್ರೆಯ ರಾಮಾಯಣವಾಯಿತು.

ಅಂಗಡಿಯಲ್ಲಿ ಅತ್ತೆ ಮೇಣವನ್ನು ಯಾವತ್ತೂ ಕರಗಿಸಿದವರಲ್ಲ, ಗಟ್ಟಿಯಾಗಿಯೇ ಬಳಸಿದವರು. ಮನೆಯಲ್ಲಿ ಕರಗಿಸುವ ಹುಮ್ಮಸ್ಸು ಬಂತು. ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಹಾಲಿನ ಪಾತ್ರೆಯಲ್ಲಿ ಮೇಣ ಕರಗಿಸಿ, ಬಿಸಿನೀರು ಹಾಕಿ ತೊಳೆದು, ಆ ನೀರನ್ನು ಸಿಂಕಿಗೆ ಸುರಿದಿದ್ದರು. ಬಿಸಿಯಿದ್ದಾಗ ಸರಾಗ ಇಳಿದದ್ದು ಪೈಪು ಬಾಗುವಲ್ಲಿ ತಣ್ಣಗಾಗಿ ಬಿರಡೆ ಹಾಕಿಕೊಂಡಿತು. ಸಿಂಕು ತುಂಬಿ ನಿಂತಿತ್ತು.

"ಅತ್ತೆ, ಇದೊಂದು ಪಾತ್ರೆನೇ ಬೇಕಿತ್ತಾ ನಿಮಗೆ?"

"ಬೇರೆ ಯಾವುದಿತ್ತು? ಎಲ್ಲದರಲ್ಲೂ ನಿನ್ನ ಅಡುಗೆ ಇತ್ತು."

"ಆ ನೀರನ್ನ ಹೊರಗೆ ಚೆಲ್ಲಬಾರದಿತ್ತಾ? ಸಿಂಕಿಗೆ ಮೇಣ ಸುರೀತಾರಾ ಯಾರಾದ್ರೂ?"

"ನನಗೆ ಬುದ್ಧಿ ಇಲ್ಲ ಅಂತ ನೇರವಾಗಿ ಹೇಳು."

"ಹೇಳೋದೇನು ಬಂತು, ಸಿಂಕೇ ಹೇಳ್ತಾ ಇದೆಯಲ್ಲ."

ಅದೊಂದು ಮಾತು ಹೆಚ್ಚಾಯಿತು. ಬಾಯಿಂದ ಬಿದ್ದ ಕೂಡಲೇ ನನಗೂ ಗೊತ್ತಾಯಿತು. ಅತ್ತೆ ಕೈ ಒರೆಸಿಕೊಂಡು ಒಳಗೆ ಹೋದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಒಂದೇ ಮೇಜಿನಲ್ಲಿ ಕೂತು, ಮಧ್ಯದಲ್ಲಿದ್ದ ಮಗಳ ಮೂಲಕ ಮಾತಾಡತೊಡಗಿದೆವು.

"ನಿಮ್ಮಮ್ಮನಿಗೆ ಹೇಳು, ಬೇಳೆಗೆ ಉಪ್ಪು ಕಮ್ಮಿಯಾಗಿದೆ."

"ನಿಮ್ಮಜ್ಜಿಗೆ ಹೇಳು, ಉಪ್ಪು ಅವರ ಎದುರಿಗೇ ಇದೆ."

"ಇಬ್ಬರಿಗೂ ಹೇಳ್ತೀನಿ," ಅಂದಳು ಮಗಳು, "ಒಂದು ಮಾತಿಗೆ ಇಷ್ಟು ಅಂತ ನಾನು ಇನ್ಮೇಲೆ ಟಿಕೆಟ್ ಹರೀತೀನಿ."

ನಮ್ಮ ಮನೆಯವರು ಹತ್ತು ಮಹಡಿ ಮೇಲೆ ಸಿಕ್ಕಿಕೊಂಡ ಲಿಫ್ಟನ್ನು ಇಳಿಸಬಲ್ಲರು, ಇಬ್ಬರು ಹೆಂಗಸರ ನಡುವಿನ ಮೌನವನ್ನಲ್ಲ. ತಲೆ ತಗ್ಗಿಸಿ ಉಣ್ಣುತ್ತಿದ್ದರು. ಸಿಂಕಿನ ಪೈಪು ಬಿಚ್ಚೋಕೆ ಅವರಿಗೆ ಬಿಡುವಾಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ನಾನು ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಕೆಟ್ಟಿನ ಸೋಪುನೀರಿನಲ್ಲಿ ಮೊಣಕೈವರೆಗೂ ಕೈ ಅದ್ದಿ ಪಾತ್ರೆ ತೊಳೆದೆ. ಬಿರುಕುಗಳು ಬಾಯಿ ತೆರೆದವು.

ಐದನೇ ದಿನ ಬೆಳಿಗ್ಗೆ ಶೆಲ್ಫಿನಲ್ಲಿ ಹೊಸ ಡಬ್ಬಿಯೊಂದು ಕಾಣಿಸಿತು. ಚೀಟಿಯ ಮೇಲೆ ಅತ್ತೆಯ ದುಂಡು ಅಕ್ಷರದಲ್ಲಿ 'ಕೈಕಾಲಿಗೆ' ಅಂತಿತ್ತು.

ಡಬ್ಬಿ ಕೈಗೆತ್ತಿಕೊಂಡೆ. ನನ್ನ ಕೈ ನೋಡಿಬಿಟ್ಟಿದ್ದಾರೆ, ಬಾಯಿಬಿಟ್ಟು ಕೇಳೋಕೆ ಬಿಗುಮಾನ ಬಿಡಲಿಲ್ಲ, ಅದಕ್ಕೇ ಮಾಡಿ ಎದುರಿಗಿಟ್ಟಿದ್ದಾರೆ ಅಂದುಕೊಂಡೆ. ಜೇನುಮೇಣ ಒಡೆದ ಚರ್ಮಕ್ಕೆ ಒಳ್ಳೆಯದು ಅಂತ ನಾನೂ ಕೇಳಿದ್ದೆ. ಮುಚ್ಚಳ ತೆಗೆದರೆ ಮೂಗಿಗೆ ಘಾಟು ಬಡಿಯಿತು. ನೋವಿನ ಮುಲಾಮು ಅಂದಮೇಲೆ ಘಾಟು ಇರಲೇಬೇಕಲ್ಲ. ಬೇರೆ ದಿನವಾಗಿದ್ದರೆ "ಅತ್ತೆ, ಇದೇನಿದು?" ಅಂತ ಕೇಳುತ್ತಿದ್ದೆ. ಮಾತು ಬಿಟ್ಟಿದ್ದೆವಲ್ಲ, ಹಾಗಾಗಿ ಚೀಟಿಯನ್ನೇ ನಂಬಿದೆ. ಎರಡೂ ಕೈಗೆ ಚೆನ್ನಾಗಿ ತಿಕ್ಕಿಕೊಂಡೆ.

ಪ್ರಾಣ ಹೋದಂತೆ ಉರಿಯಿತು. ಉರಿದರೇ ಔಷಧಿ ಕೆಲಸ ಮಾಡುತ್ತಿದೆ ಅಂತ ನಮ್ಮಮ್ಮ ಹೇಳಿಕೊಟ್ಟ ಬುದ್ಧಿ. ಹಲ್ಲು ಕಚ್ಚಿಕೊಂಡು ನಾಲ್ಕು ದಿನ, ದಿನಕ್ಕೆರಡು ಸಲ ಹಚ್ಚಿದೆ. ಭಾನುವಾರದ ಹೊತ್ತಿಗೆ ಕೈ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. ಮೂರು ವಾರದಲ್ಲಿ ಒಂಬತ್ತು ದಿನ ಕಳೆದಿತ್ತು.

ಆ ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದೆವು. ಅತ್ತೆ ಕೈತೊಳೆದು ಬಂದವರು ಕೂರುವ ಮೊದಲೇ ಮೊಮ್ಮಗಳ ಕಡೆ ತಿರುಗಿದರು.

"ನನ್ನ ಡಬ್ಬಿಯಿಂದ ಪಾಲಿಶ್ ಕದೀತಾ ಇರೋರು ಯಾರು ಅಂತ ಕೇಳು."

"ಯಾವ ಪಾಲಿಶು ಅಜ್ಜಿ?"

"ಕುರ್ಚಿದು. ಎರಡು ಕುರ್ಚಿ ಮಾಡೋಷ್ಟರಲ್ಲಿ ಅರ್ಧ ಡಬ್ಬಿ ಖಾಲಿಯಾಗಿದೆ. ನಾನೇನು ಸೀಟಿಗೆ ಹಚ್ತಾ ಇಲ್ಲ, ಬರೀ ಕೈಕಾಲಿಗೆ."

ತುತ್ತು ನನ್ನ ಕೈಯಲ್ಲೇ ಉಳಿಯಿತು. ಬಲಗಡೆ ನೋಡಿದೆ. ಮಾವನವರ ಕಾಲದ ಕೈಕುರ್ಚಿ, ನಾಲ್ಕು ಕಾಲೂ ಎರಡು ಕೈಯೂ ಹೊಸದರಂತೆ ಮಿರುಗುತ್ತಿತ್ತು. ಮಿರುಗಬೇಕಾದ್ದೇ.

"ಅದರಲ್ಲಿ ಏನೇನು ಹಾಕಿದೀರಿ?" ಅಂದೆ. ಒಂಬತ್ತು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ಮಗಳು ಬಾಯಿ ಬಿಟ್ಟು ನನ್ನನ್ನು ನೋಡಿದಳು.

"ಮೇಣ. ಟರ್ಪಂಟೈನು," ಅಂದರು ಅತ್ತೆ. "ಯಾಕೆ?"

"ಟರ್ಪಂಟೈನಾ?" ಅಂದರು ನಮ್ಮ ಮನೆಯವರು. "ನಾವು ಪೇಂಟ್ ತೆಗೆಯೋಕೆ ಹಾಕ್ತೀವಲ್ಲ, ಅದಾ?"

ನನಗೆ ಅಳುವೂ ಬಂತು, ನಗುವೂ ಬಂತು. ಸೆರಗು ಸರಿಸಿ ಎಡಗೈ ಮೇಜಿನ ಮೇಲಿಟ್ಟೆ.

ಅತ್ತೆ ಬಗ್ಗಿ ನೋಡಿದರು. ಮುಟ್ಟೋಕೆ ಬೆರಳು ಚಾಚಿ, ಹಿಂದೆಗೆದುಕೊಂಡರು.

"ಹಚ್ಕೊಂಡ್ಯಾ?"

"ನಾಲ್ಕು ದಿನದಿಂದ."

"ಕುರ್ಚಿ ಪಾಲಿಶು?"

"ಕೈಕಾಲಿಗೆ ಅಂತ ಬರೆದಿದ್ರಲ್ಲ ಅತ್ತೆ. ಕುರ್ಚಿಗೂ ಕೈಕಾಲಿರುತ್ತೆ ಅಂತ ನನಗೆ ಹೊಳೀಲಿಲ್ಲ. ನನಗೋಸ್ಕರ ಮಾಡಿದೀರಿ ಅಂದ್ಕೊಂಡೆ."

ಆಮೇಲೆ ಎಲ್ಲ ಹೊರಬಿತ್ತು. ಟಾರ್ಚ್ ಮೇಡಂ, ಉಗ್ರಾಣ, ಮೂರು ವಾರದ ಗಡುವು. ನಮ್ಮ ಮನೆಯವರಿಗೆ ಸಿಟ್ಟು ಬಂತು. "ಇಷ್ಟೆಲ್ಲ ಆಗಿದ್ರೂ ಒಂದು ಮಾತು ಹೇಳಬಾರದಾ? ನಾವೇನು ಬೇರೆ ಮನೆಯವರಾ?" ಅಂತ ರೇಗಿದರು.

"ಹೇಳಿದ್ರೆ ಕೆಲಸ ಬಿಡು ಅಂತಿದ್ರಿ."

"ಅಂತಿರಲಿಲ್ಲ."

"ಅಂತಿದ್ರಿ," ಅಂದೆ.

"ಅಂತಿದ್ದೆ," ಅಂದರು ಕೊನೆಗೆ.

ಅತ್ತೆ ಊಟವನ್ನು ಅಲ್ಲೇ ಬಿಟ್ಟು ಎದ್ದರು. ಶೆಲ್ಫಿನಿಂದ ಆ ಡಬ್ಬಿ ತೆಗೆದು ಹೊರಗೆ ಕಸದ ಬುಟ್ಟಿಗೆ ಹಾಕಿ ಬಂದರು. ಬಂದವರೇ ಚಪ್ಪಲಿ ಮೆಟ್ಟಿದರು. "ಏಳು. ಡಾಕ್ಟರ ಹತ್ರ ಹೋಗೋಣ."

ಭಾನುವಾರವೂ ತೆರೆದಿರುವ ಕ್ಲಿನಿಕ್ಕು ಹುಡುಕಿಕೊಂಡು ಮೂರು ಬೀದಿ ನಡೆದೆವು. ಡಾಕ್ಟರು ನನ್ನ ಕೈ ನೋಡಿ, ಏನು ಹಚ್ಚಿದ್ರಿ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ತಪ್ಪು ನಂದು, ಚೀಟಿ ಸರಿಯಾಗಿ ಬರೀಲಿಲ್ಲ," ಅಂದರು. ಯಾವ ಚೀಟಿ, ಏನು ಕಥೆ ಅಂತ ಆ ಡಾಕ್ಟರಿಗೆ ಕೊನೆವರೆಗೂ ಅರ್ಥವಾಗಲಿಲ್ಲ. ಉರಿ ಇಳಿಯೋಕೆ ಮುಲಾಮು ಬರೆದುಕೊಟ್ಟರು. ಉರಿ ಇಳಿದಮೇಲೆ ಬರೀ ಮೇಣ, ಎಣ್ಣೆ ಹಚ್ಚಿದರೆ ಅಡ್ಡಿಯಿಲ್ಲ, ಆದರೆ ನೀರಿನಿಂದ ದೂರವಿಡದೆ ಯಾವ ಮುಲಾಮಿನಿಂದಲೂ ಪ್ರಯೋಜನವಿಲ್ಲ ಅಂದರು.

ದಾರಿಯಲ್ಲಿ ಅತ್ತೆ ಲೆಕ್ಕ ಹಾಕಿದರು. "ಇನ್ನು ಹನ್ನೆರಡು ದಿನ ಇದೆ ಅಲ್ವಾ?"

"ಹೂಂ."

"ಹನ್ನೆರಡು ದಿನ ನೀನು ನೀರು ಮುಟ್ಟಿದ್ರೆ ನನ್ನ ಮೇಲಾಣೆ."

ಹನ್ನೆರಡು ದಿನ ನಮ್ಮ ಮನೆ ನಡೆದ ರೀತಿ ನೋಡಬೇಕಿತ್ತು. ಪಾತ್ರೆ ಅತ್ತೆಯ ಪಾಲಿಗೆ. ಬಟ್ಟೆ, ನೆಲ ಮಗನಿಗೆ. ತರಕಾರಿ ತೊಳೆಯುವುದು, ಅಕ್ಕಿ ತೊಳೆಯುವುದು ಮೊಮ್ಮಗಳಿಗೆ. ಒಲೆಯ ಮುಂದೆ ನಿಂತು ಸೌಟು ಆಡಿಸುವುದಷ್ಟೇ ನನಗೆ, ಅದೂ ಕೈಗೆ ಹತ್ತಿಯ ಗವಸು ಹಾಕಿಕೊಂಡು. ನಮ್ಮ ಮನೆಯವರು ಮೊದಲ ದಿನವೇ ನನ್ನ ಬಿಳಿ ಯೂನಿಫಾರಂ ಜೊತೆ ತಮ್ಮ ಗ್ರೀಸು ಹತ್ತಿದ ಪ್ಯಾಂಟು ನೆನೆಹಾಕಿದರು. ಮಾರನೆಯ ದಿನ ನಾನು ಬೂದಿಬಣ್ಣದ ಯೂನಿಫಾರಂನಲ್ಲಿ ಕೆಲಸಕ್ಕೆ ಹೋದೆ. ಮಗಳು ಅಕ್ಕಿಯನ್ನು ಏಳು ಸಲ ತೊಳೆದು ಕಾಲು ಭಾಗ ಸಿಂಕಿಗೆ ಬಿಟ್ಟಳು.

"ಪೈಪು ಕಟ್ಟುತ್ತೆ ಕಣೇ," ಅಂದೆ.

"ನಮ್ಮನೇಲಿ ಅದು ವಂಶಪಾರಂಪರ್ಯ," ಅಂದಳು. ಅತ್ತೆ ಸಿಂಕಿನ ಮುಂದೆ ನಿಂತೇ ನಕ್ಕರು. ನಾನೂ ನಕ್ಕೆ.

ಉರಿ ಇಳಿದಮೇಲೆ ಅತ್ತೆ ಹೊಸ ಮುಲಾಮು ಮಾಡಿದರು. ಈ ಸಲ ಮೇಣ ಕರಗಿಸಲೆಂದೇ ಒಂದು ಹಳೇ ತಗಡಿನ ಡಬ್ಬ ಇಟ್ಟುಕೊಂಡು, ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಳ್ಳೆಣ್ಣೆ ಬೆರೆಸಿದರು. ಉಳಿದ ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿದರು. ಆಮೇಲೆ ಅರ್ಧ ಗಂಟೆ ಕೂತು ಚೀಟಿ ಬರೆದರು. 'ನನ್ನ ಸೊಸೆಯ ಕೈಗಳಿಗೆ ಮಾತ್ರ. ಮೇಣ, ಎಳ್ಳೆಣ್ಣೆ ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ.' ಚೀಟಿ ಡಬ್ಬಿಯ ಸುತ್ತ ಎರಡು ಸುತ್ತು ಬಂತು.

"ಈಗ ಮುನ್ನುಡಿ ಆಯ್ತು," ಅಂದಳು ಮಗಳು.

ಬೆಳಿಗ್ಗೆ ಸಂಜೆ ಅವರೇ ಹಚ್ಚಿದರು. ಬೆರಳೊಂದೊಂದನ್ನೂ ಬುಡದಿಂದ ತುದಿಗೆ, ದಾರಕ್ಕೆ ಮೇಣ ಎಳೆಯುವ ಅದೇ ಲಯದಲ್ಲಿ ಮೂರು ಸಲ ಎಳೆಯುತ್ತಿದ್ದರು. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ನನ್ನ ಕೈ ಹಿಡಿದದ್ದು ಮಗಳು ಹುಟ್ಟಿದ ದಿನ ಒಂದೇ ಸಲ. ಸುಮ್ಮನೆ ಕೂರೋಕೆ ನನಗೆ ನಾಚಿಕೆಯಾಗುತ್ತಿತ್ತು. ಅರವತ್ತೇಳರ ಹೆಂಗಸು ಪಾತ್ರೆ ತಿಕ್ಕುವುದನ್ನು ನೋಡುತ್ತ ಕೈಕಟ್ಟಿ ನಿಲ್ಲುವುದು ಎಂಥ ಹಿಂಸೆ ಅಂತ ಸೊಸೆಯಾದವಳಿಗೇ ಗೊತ್ತು. ಒಂದು ಸಲ ತಡೆಯಲಾರದೆ ಲೋಟವೊಂದನ್ನು ನಲ್ಲಿಗೆ ಹಿಡಿದೆ. ಅತ್ತೆ ಒದ್ದೆ ಕೈಯಿಂದಲೇ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದರು.

"ಆಣೆ ಹಾಕಿದೀನಿ, ನೆನಪಿದೆಯಾ? ನಾನು ಸತ್ತರೆ ಮಾಡ್ಕೋ ಎಲ್ಲ ಕೆಲಸ."

"ನಿಮ್ಮ ಸೊಂಟ ನೋವು ಅತ್ತೆ."

"ಸೊಂಟ ನಂದು. ನೀನು ಬೇಳೆ ನೋಡು, ತಳ ಹತ್ತುತ್ತೆ."

ಆರನೇ ದಿನಕ್ಕೆ ಕೆಂಪು ಇಳಿಯಿತು. ಒಂಬತ್ತಕ್ಕೆ ಸಣ್ಣ ಬಿರುಕುಗಳು ಕೂಡಿಕೊಂಡವು. ಬಲ ಹೆಬ್ಬೆರಳಿನ ಸಂದಿಯ ದೊಡ್ಡ ಬಿರುಕು ಮಾತ್ರ ಹಟ ಹಿಡಿದಿತ್ತು. ನಾಲ್ವರೂ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದೆವು. ಲಿಫ್ಟ್ ರಿಪೇರಿಯವರು ತಮ್ಮ ಟಾರ್ಚು ಬಿಟ್ಟು, ಮುಚ್ಚುತ್ತಾ ಇದೆ, ಮುಚ್ಚುತ್ತಾ ಇದೆ ಅಂತ ನನಗಿಂತ ಹೆಚ್ಚಾಗಿ ತಮಗೇ ಧೈರ್ಯ ಹೇಳಿಕೊಳ್ಳುತ್ತಿದ್ದರು.

ಹನ್ನೆರಡನೆಯ ದಿನ ಕೈ ತೋರಿಸುವವರ ಸಾಲಿನಲ್ಲಿ ನಿಂತೆ. ಟಾರ್ಚ್ ಮೇಡಂ ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿದರು. ಹೆಬ್ಬೆರಳಿನ ಸಂದಿಯನ್ನು ಅಗಲಿಸಿ ಬೆಳಕು ಬಿಟ್ಟರು. ಅಲ್ಲಿ ಗುಲಾಬಿ ಬಣ್ಣದ ಸಣ್ಣ ಗೆರೆ ಇತ್ತು, ಬಿರುಕಿರಲಿಲ್ಲ.

"ಏನು ಹಚ್ಚಿದ್ರಿ?"

"ಮೊದಲು ಡಾಕ್ಟರು ಕೊಟ್ಟದ್ದು. ಆಮೇಲೆ ಜೇನುಮೇಣ, ಎಳ್ಳೆಣ್ಣೆ."

"ಅಷ್ಟೇನಾ?"

ಅಷ್ಟೇ ಅನ್ನೋಕೆ ಹೊರಟವಳಿಗೆ ಮನಸ್ಸು ಬರಲಿಲ್ಲ. "ಇಲ್ಲ ಮೇಡಂ. ಹನ್ನೆರಡು ದಿನ ಮನೇಲಿ ಯಾರೂ ನನ್ನ ಕೈಗೆ ನೀರು ಸೋಕೋಕೆ ಬಿಡಲಿಲ್ಲ. ಅತ್ತೆ ಪಾತ್ರೆ ತೊಳೆದ್ರು."

ಮೇಡಂ ಟಾರ್ಚು ಆರಿಸಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ಪುಣ್ಯವಂತೆ ಕಣ್ರೀ ನೀವು," ಅಂದರು. "ಹೋಗಿ, ನಿಮ್ಮ ಮೇಜಿಗೆ ಹೋಗಿ."

ಆ ಮಧ್ಯಾಹ್ನ ನೂರಾ ಎಂಬತ್ತು ತಟ್ಟೆ ಜೋಡಿಸಿದೆ, ಒಂದೂ ತಪ್ಪಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಮ್ಮಲ್ಲಿ ಅತ್ತೆಗೆ ಉಪಕಾರ ಆಯ್ತು ಅಂತ ಯಾರು ಹೇಳುತ್ತಾರೆ? ಹೇಗೆ ಹೇಳಿದರೂ ನಾಟಕದ ಮಾತಿನಂತೆ ಕೇಳಿಸುತ್ತದೆ.

ಅತ್ತೆ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದರು. ನನ್ನ ಹೆಜ್ಜೆ ಕೇಳಿ ನಲ್ಲಿ ನಿಲ್ಲಿಸಿದರು, ತಿರುಗಲಿಲ್ಲ.

"ಏನಂದ್ಳು?"

"ಮೇಜಿಗೆ ಹೋಗಿ ಅಂದ್ರು."

ಅವರ ಭುಜ ಇಳಿದದ್ದು ಹಿಂದಿನಿಂದಲೇ ಕಾಣಿಸಿತು. ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಗಿತ್ತು. "ನಿಮ್ಮಿಂದ ನನ್ನ ಕೆಲಸ ಉಳೀತು ಅತ್ತೆ," ಅಂದುಬಿಟ್ಟೆ.

"ನನ್ನಿಂದಲೇ ಹೋಗ್ತಾನೂ ಇತ್ತಲ್ಲ," ಅಂದರು. "ಹೋಗು, ಬಟ್ಟೆ ಬದಲಾಯಿಸು."

ನಾನು ಹೋಗಲಿಲ್ಲ. ಗೂಟದಲ್ಲಿದ್ದ ಒಣ ಬಟ್ಟೆ ತೆಗೆದುಕೊಂಡು ಅವರ ಪಕ್ಕದಲ್ಲಿ ನಿಂತೆ. ಅವರು ನನ್ನನ್ನೂ ಬಟ್ಟೆಯನ್ನೂ ನೋಡಿದರು. ಅವತ್ತಿಗೆ ಆಣೆಯ ಗಡುವು ಮುಗಿದಿತ್ತು, ಬೇಕಿದ್ದರೆ ಸಿಂಕು ಬಿಟ್ಟುಕೊಡಬಹುದಿತ್ತು. ಬಿಟ್ಟುಕೊಡಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ತೊಳೆದ ತಟ್ಟೆಯೊಂದನ್ನು ನನ್ನ ಕಡೆ ಚಾಚಿದರು. ಆವತ್ತಿನಿಂದ ಅವರು ತೊಳೆಯುತ್ತಾರೆ, ನಾನು ಒರೆಸುತ್ತೇನೆ. ಇಬ್ಬರಿಗೂ ಬಾಯಿ ಸುಮ್ಮನಿರದ ಕಾರಣ ಈಗ ಪಾತ್ರೆ ಮುಗಿಯೋಕೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ.